ಮೆಡಿಂಗ್ ಅಕ್ಕ ಬೇರ್ಪಡಿಸಿದ ಬಾಟಲಿಗಳು

ಗಿಂಬಾಲ್ ಎಂಬ ಕಡಲೂರಿನ ಮೀನುಗಾರರ ಬೀದಿಯಲ್ಲಿ ಹತ್ತು ಜನ ಜಿನ್ ಕುಡಿಯಲು ಕೂತರೂ ಲೋಟ ಒಂದೇ. ಅದು ಕೈಯಿಂದ ಕೈಗೆ ಸುತ್ತುತ್ತದೆ, ಬಾಟಲಿ ಮಾತ್ರ ಒಬ್ಬರ ಕೈಯಲ್ಲೇ ಇರುತ್ತದೆ. ಮೂವತ್ತೆಂಟು ವರ್ಷದಿಂದ ಆ ಕೈ ರೆಮೆದಿಯೋಸಳದು. ಹಾಗೆ ಕರೆದರೆ ಅವಳೇ ತಿರುಗಿ ನೋಡಲಾರಳು. ಬೀದಿಗೆಲ್ಲ ಅವಳು ನಾಂಗ್ ಮೆಡಿಂಗ್, ಮೆಡಿಂಗ್ ಅಕ್ಕ.

ಅವಳಿಗೆ ಇಪ್ಪತ್ತಾಗಿದ್ದಾಗ ಅಪ್ಪ ತೀರಿಕೊಂಡ. ಸಾವಿನ ಮನೆಯಲ್ಲಿ ಜಿನ್ ಸುರಿಯುವ ಕೆಲಸ ಚಿಕ್ಕಪ್ಪನದು. ತನ್ನ ಸರದಿ ಬಂದಾಗಲೆಲ್ಲ ಅವನು ಲೋಟವನ್ನು ಒಂದು ಬೆರಳು ಹೆಚ್ಚೇ ತುಂಬಿಸಿಕೊಳ್ಳುತ್ತಿದ್ದ. ಅಳುತ್ತಿದ್ದ ಮೆಡಿಂಗ್ ಎದ್ದುಬಂದು ಬಾಟಲಿ ಕಸಿದುಕೊಂಡಳು. “ಚಿಕ್ಕಪ್ಪಾ, ಇಲ್ಲಿ ಅಪ್ಪನ್ನ ಕಳಕೊಂಡೋಳು ನಾನು. ದುಃಖ ನಿಮಗೇ ಜಾಸ್ತಿ ಆದಂಗಿದೆಯಲ್ಲ!” ಸೂತಕದ ಮನೆ ಗೊಳ್ಳೆಂದು ನಕ್ಕಿತು. ಆ ಬಾಟಲಿ ಮತ್ತೆ ಚಿಕ್ಕಪ್ಪನ ಕೈಗೆ ಹೋಗಲಿಲ್ಲ.

ಅವಳ ಅಣ್ಣ ಹಡಗಿನಲ್ಲಿ ಅಡುಗೆಯವನು. ಊರಿಗೆ ಬಂದಾಗಲೆಲ್ಲ ಯಾವುದೋ ಬಂದರಿನ ಜಿನ್ ಬಾಟಲಿಯೊಂದು ಅವನ ಚೀಲದಲ್ಲಿರುತ್ತಿತ್ತು. ಮೆಡಿಂಗ್ ಅಂಗೈಗೆ ಒಂದು ಹನಿ ಹಾಕಿ ತಿಕ್ಕಿ ಮೂಸುವಳು, ಆಮೇಲೆ ಒಂದೇ ಗುಟುಕು ಬಾಯಲ್ಲಿ ಹೊರಳಿಸುವಳು. ನುಂಗಿದ ಮೇಲೂ ಪರಿಮಳ ಗಂಟಲಲ್ಲಿ ಉಳಿದರೆ ಅದು ಹಾಗೇ ಕುಡಿಯುವುದಕ್ಕೆ. ಒರಟಾಗಿ ಮೂಗಿಗೆ ಹೊಡೆದರೆ ನಿಂಬೆರಸಕ್ಕೂ ಸಕ್ಕರೆಗೂ ಎದೆಕೊಟ್ಟು ನಿಲ್ಲುತ್ತದೆ, ಅದು ಬೆರೆಸುವುದಕ್ಕೆ. ಎರಡೂ ಅಲ್ಲದ್ದು ಗಂಡ ತುರಿಂಗ್‌ನ ಮೊಣಕಾಲು ತಿಕ್ಕುವುದಕ್ಕೆ.

ಕಳೆದ ವರ್ಷ ಅವಳ ಅಣ್ಣನ ಮಗನ ಮದುವೆ ಸಮುದ್ರದಾಚೆ ಸಿಲಾಯ್‌ನಲ್ಲಿ ಗೊತ್ತಾಯಿತು. ಹುಡುಗಿ ಕಬ್ಬಿನ ತೋಟದ ದೊಡ್ಡ ಮನೆಯವಳು. ಮೀನುಗಾರರ ಬೀದಿ ಇಸ್ತ್ರಿ ಹಾಕಿದ ಅಂಗಿ ತೊಟ್ಟು ದೋಣಿ ಹತ್ತಿತು.

ಮಧ್ಯಾಹ್ನದ ಊಟಕ್ಕೆ ಮೊದಲು ಮಾವಿನ ಮರದಡಿಯ ಚಪ್ಪರದಲ್ಲಿ ಉದ್ದದ ಮೇಜು, ಅದರ ಮೇಲೆ ಹನ್ನೆರಡು ಬಗೆಯ ಜಿನ್. ಪಾನೀಯ ಬೆರೆಸಿಕೊಡಲು ಜೋವಿತ್ ಎಂಬವನನ್ನು ನಗರದಿಂದ ಕರೆಸಿದ್ದರು. ಅವನು ಸಿಕ್ಕ ಬಾಟಲಿ ಎತ್ತಿ ಸಿಕ್ಕ ರಸಕ್ಕೆ ಸುರಿಯುತ್ತಿದ್ದ. ಮಲ್ಲಿಗೆಯಷ್ಟು ಮೆಲ್ಲಗೆ ಘಮಿಸುವ ಒಂದನ್ನು ಅನಾನಸ್ ರಸದಲ್ಲಿ ಮುಳುಗಿಸಿದಾಗ ಮೆಡಿಂಗ್‌ಗೆ ತಡೆಯಲಾಗಲಿಲ್ಲ.

“ಅಯ್ಯೋ ತಮ್ಮಾ, ಅದೇನು ಪಾಪ ಮಾಡಿತ್ತು?”

“ಎಲ್ಲಾ ಜಿನ್ನೇ ಅಲ್ವಾ ನಾಂಗ್? ರಸ ಹಾಕಿದ್ಮೇಲೆ ಯಾರಿಗೆ ಗೊತ್ತಾಗುತ್ತೆ?”

“ನನಗೆ ಗೊತ್ತಾಗುತ್ತೆ. ಕೊಡಿಲ್ಲಿ.”

ತುರಿಂಗ್ ಅವಳ ತೋಳು ಜಗ್ಗಿದ. “ಲೇ, ಬೀಗರ ಮನೆ ಕಣೇ. ಮರ್ಯಾದೆಯಿಂದ ಇರು.” ಮೆಡಿಂಗ್ ಆಗಲೇ ಅಂಗೈ ಮೂಸುತ್ತಿದ್ದಳು. ಐದು ನಿಮಿಷದಲ್ಲಿ ನಾಲ್ಕು ಬಾಟಲಿ ಎಡಕ್ಕೆ, ಏಳು ಬಲಕ್ಕೆ ಸರಿದವು. “ಈ ನಾಲ್ಕನ್ನ ರಸದ ಹತ್ರ ತರಬೇಡಿ. ಈ ಏಳಕ್ಕೆ ನಿಂಬೆ, ಶುಂಠಿ, ಏನು ಬೇಕಾದ್ರೂ ಹಾಕ್ಕೊಳ್ಳಿ.” ಹನ್ನೆರಡನೆಯದನ್ನು ಮೇಜಿನ ಕೆಳಗಿಟ್ಟಳು.

ಇದನ್ನೆಲ್ಲ ಹುಡುಗಿಯ ತಾತ, ಎಲ್ಲರೂ ಗೌರವದಿಂದ ‘ಡಾನ್’ ಎಂದು ಕರೆಯುವ ಯಜಮಾನ ಅನಾಕ್ಲೆತೊ ಬೆತ್ತದ ಕುರ್ಚಿಯಿಂದ ನೋಡುತ್ತಿದ್ದರು. ದಿನಕ್ಕೊಂದು ಪುಟ್ಟ ಲೋಟ, ನೀರೂ ಸೋಕಿಸದ ಜಿನ್; ಜಿನ್ನಿನ ಮಾತೆಂದರೆ ಆ ಜಿಲ್ಲೆಯಲ್ಲಿ ಅವರದೇ ಕೊನೆಯ ಮಾತು. ಅವರು ಒಳಗಿನಿಂದ ತಮ್ಮ ಸ್ವಂತದ ಬಾಟಲಿ ತರಿಸಿದರು. ವಿದೇಶದ್ದು, ಬೀಗದ ಕಪಾಟಿನಲ್ಲಿ ಇರುವಂಥದ್ದು.

“ನಾಲಿಗೆ ಅಷ್ಟು ಚುರುಕಾಗಿದ್ರೆ ಇದನ್ನ ಹೇಳಿ ನೋಡೋಣ. ಇಂಥದ್ದನ್ನ ನೀವು ಕಂಡಿರಲ್ಲ.”

ಇಡೀ ಚಪ್ಪರ ಕತ್ತು ಚಾಚಿತು. ಮೆಡಿಂಗ್ ಗುಟುಕರಿಸಿದಳು. ಇನ್ನೊಮ್ಮೆ ಗುಟುಕರಿಸಿದಳು. ಹೇಳಲೋ ಬೇಡವೋ ಎಂದು ಗಂಡನ ಮುಖ ನೋಡಿದಳು. ತುರಿಂಗ್ ಬೇಡವೆಂದು ತಲೆಯಾಡಿಸುತ್ತಲೇ ಇದ್ದ.

“ಕಂಡಿದೀನಿ, ಡಾನ್. ಬಾಟಲಿಯನ್ನಲ್ಲ, ಒಳಗಿರೋದನ್ನ. ಇದು ನಮ್ಮ ಬೀದಿ ಮೂಲೆ ಅಂಗಡೀಲೂ ಸಿಗೋ ಅಗ್ಗದ್ದು. ನಿಮ್ಮ ಜಿನ್ ಇದರಲ್ಲಿ ವಾಸನೆಗಷ್ಟೇ ಉಳಿದಿದೆ. ಯಾರೋ ಅದನ್ನ ಕುಡಿದು ಇದನ್ನ ತುಂಬಿಸಿದಾರೆ.”

ಡಾನ್ ಮುಖ ಕೆಂಪೇರಿತು. “ಕಪಾಟಿನ ಬೀಗದ ಕೈ ಈ ಮನೇಲಿ ಇಬ್ಬರ ಹತ್ರ ಮಾತ್ರ ಇರೋದು!”

ಆಗ ಹಿಂದಿನ ಕುರ್ಚಿಯಿಂದ ನಗು ಕೇಳಿಸಿತು. ಬೀಸಣಿಗೆ ಮರೆಯಲ್ಲಿ ಅವರ ಹೆಂಡತಿ, ಆ ಮನೆಯ ಯಜಮಾನಿ ದೋನ್ಯಾ ಫ್ಲೋರ್ದೆಲಿಸ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಎಪ್ಪತ್ತೊಂಬತ್ತು ವರ್ಷ, ಕೈಯಲ್ಲಿ ಜಪಮಾಲೆ.

“ಎರಡು ವರ್ಷ ಆಯ್ತು ಕ್ಲೆತೊ. ನೀವು ಮಧ್ಯಾಹ್ನ ಗೊರಕೆ ಹೊಡೀವಾಗ ನಾನು ಒಂದು ಲೋಟ. ಒಂದು ದಿನಾನೂ ನಿಮಗೆ ಗೊತ್ತಾಗಲಿಲ್ಲವಲ್ರೀ!”

“ಕೇಳಬಾರದಿತ್ತಾ, ಫ್ಲೋರ್?”

“ಐವತ್ತೈದು ವರ್ಷದಲ್ಲಿ ನೀವು ಒಂದು ಸಲ ‘ನಿನಗೆ ಬೇಕಾ’ ಅಂತ ಕೇಳಿದೀರಾ?”

ಮದುವೆ ಮನೆಯಲ್ಲಿ ಬೆಂಕಿ ಹಚ್ಚಿದೆನಲ್ಲ ಎಂದು ಮೆಡಿಂಗ್ ಬಾಟಲಿಯ ಮುಚ್ಚಳ ಬಿಗಿದಳು. ಡಾನ್ ತಮ್ಮ ಪಕ್ಕದ ಕುರ್ಚಿಯ ಮೇಲಿದ್ದ ಹೂಗುಚ್ಛವನ್ನು ಎತ್ತಿ ಕೆಳಗಿಟ್ಟರು. “ಬಾ ಫ್ಲೋರ್, ಇಲ್ಲಿ ಕೂತ್ಕೋ.” ಆಮೇಲೆ ಮೆಡಿಂಗ್ ಕಡೆ ತಿರುಗಿದರು. “ನಿಮ್ಮ ಎಡಗಡೆಯ ನಾಲ್ಕರಲ್ಲಿ ಯಾವುದು ಒಳ್ಳೇದು? ಸುರೀರಿ.”

“ಎರಡು ಲೋಟ ತರ್ಲಾ?” ಎಂದ ಜೋವಿತ್.

“ಒಂದೇ ಸಾಕು,” ಎಂದಳು ಮೆಡಿಂಗ್. ತನ್ನ ಬೀದಿಯ ವಾಡಿಕೆಯಂತೆ ಮೊದಲ ಹನಿಗಳನ್ನು ಕಣ್ಣಿಗೆ ಕಾಣದವರ ಪಾಲೆಂದು ನೆಲಕ್ಕೆ ಚೆಲ್ಲಿದಳು. ಲೋಟವನ್ನು ದೋನ್ಯಾ ಕೈಗೆ ಮೊದಲು ಕೊಟ್ಟಳು. ಅವರು ಕಣ್ಣು ಮುಚ್ಚಿ ಸವಿದು, ಲೋಟವನ್ನು ಗಂಡನಿಗೆ ದಾಟಿಸಿದರು. ಅಲ್ಲಿಂದ ಅದು ತುರಿಂಗ್‌ಗೆ, ತುರಿಂಗ್‌ನಿಂದ ಹುಡುಗಿಯ ಅಪ್ಪನಿಗೆ, ಹೀಗೆ ತೋಟದವರು ಮೀನುಗಾರರು ಬೆರೆತು ಕೂತ ಸಾಲಿನುದ್ದಕ್ಕೂ ಹೋಯಿತು. ಹುರಿದ ಹಂದಿ ಆರುತ್ತಿದೆ ಎಂದು ಅಡುಗೆಯವರು ಮೂರು ಸಲ ಕೂಗಿದರು, ಯಾರೂ ಏಳಲಿಲ್ಲ.

ಈಗ ಎರಡು ತಿಂಗಳಿಗೊಮ್ಮೆ ಸಿಲಾಯ್‌ನಿಂದ ಬಾಟಲಿಗಳ ಪೆಟ್ಟಿಗೆ ಬರುತ್ತದೆ. ಮೆಡಿಂಗ್ ರುಚಿ ನೋಡಿ, ಗುರುತಿನ ದಾರ ಕಟ್ಟಿ ವಾಪಸು ಕಳಿಸುತ್ತಾಳೆ. ಬರುವ ಪೆಟ್ಟಿಗೆಯಲ್ಲಿ ದೋನ್ಯಾ ಬರೆದ ಚೀಟಿಯೂ ಇರುತ್ತದೆ. ಅದನ್ನು ಮೆಡಿಂಗ್ ಗಂಡನಿಗೂ ತೋರಿಸುವುದಿಲ್ಲ, ಒಬ್ಬಳೇ ಓದಿಕೊಂಡು ನಗುತ್ತಾಳೆ.