ಅಪ್ಪ ಅವಳನ್ನು ಕರೆಯಲಿಲ್ಲ

ಅಪ್ಪ ವಸುಧಾಳನ್ನು ಎಂದೂ ಕರೆಯಲಿಲ್ಲ. ಕರೆಯುತ್ತಾರೆಂದು ನಾನು ಸುಳ್ಳು ಹೇಳಿದೆ. ಅದನ್ನು ನಂಬಿ ನನ್ನ ಹೆಂಡತಿ ಸೈಕಲ್ ಬಿಟ್ಟಳು — ಬಿಟ್ಟಳು ಎನ್ನುವುದೂ ಸರಿಯಲ್ಲ. ನಾನು ಬಿಡಿಸಿದೆ.

ಕೆಲವು ವರ್ಷಗಳ ಹಿಂದಿನ ಮಾತು. ತ್ಯಾಗರಾಜನಗರದ ಮನೆಯಲ್ಲಿ ನಾವು ಮೂವರು. ಅಪ್ಪನಿಗೆ ಮರೆವಿನ ಕಾಯಿಲೆ. ಹಗಲಿಗೆ ನೋಡಿಕೊಳ್ಳುವವರೊಬ್ಬರು ಬರುತ್ತಿದ್ದರು. ಬೆಳಗಿನ ಹೊತ್ತು ಮಾತ್ರ ನಮ್ಮಲ್ಲೊಬ್ಬರು ಮನೆಯಲ್ಲಿ ಇರಲೇಬೇಕಿತ್ತು. ಅಪ್ಪ ಬೀದಿಗೆ ಹೋಗಿಬಿಡದಂತೆ ಗೇಟಿಗೆ ಸದಾ ಬೀಗ. ಆ ಬೀಗ ಅವರಿಗೋ, ನಮಗೋ ಎಂದು — ಇರಲಿ.

ಇಬ್ಬರೂ ನಲವತ್ತು ದಾಟಿದ ಮೇಲೆ ಸೈಕಲ್ ಹಿಡಿದವರು. ಆ ಜೂನ್‌ನಲ್ಲಿ ಕ್ಯಾಲೆಂಡರ್ ಮುಂದಿಟ್ಟುಕೊಂಡು ಇಡೀ ಸೀಸನ್ನಿಗೆ ಯೋಜನೆ ಹಾಕಿದೆವು. ಡಿಸೆಂಬರಿನಲ್ಲಿ ನಮ್ಮ ಕ್ಲಬ್ಬಿನವರು ನಡೆಸುವ ಬೆಟ್ಟ ಹತ್ತುವ ಸ್ಪರ್ಧೆ. ಮೊದಲು ಅವಸರವಿಲ್ಲದ ಉದ್ದದ ಸವಾರಿಗಳು, ಮಳೆ ನಿಂತ ಮೇಲೆ ಏರುಗಳು, ನಡುನಡುವೆ ಕಾಲಿಗೆ ಬಿಡುವು. ಒಂದು ದಿನ ಅವಳು, ಒಂದು ದಿನ ನಾನು. ಅವಳ ದಿನಗಳಿಗೆ ಹಸಿರು ಬಣ್ಣ, ನನ್ನವಕ್ಕೆ ನೀಲಿ.

ಒಂದು ಭಾನುವಾರ ಅಕ್ಕ ಬಂದು ಅಪ್ಪನ ಹತ್ತಿರ ಕೂತಳು. ನಾವಿಬ್ಬರೂ ಕ್ಲಬ್ಬಿನವರ ಜೊತೆ ಅಂಜನಾಪುರ ದಾಟಿ ಹೋದೆವು. ಏರಿನಲ್ಲಿ ವಸುಧಾ ಸರಾಗವಾಗಿ ಮುಂದೆ ಹೋದಳು. ಒಮ್ಮೆ ಹಿಂದಿರುಗಿ ನೋಡಿ, ನನಗೋಸ್ಕರ ನಿಧಾನಿಸಿದಳು. ಅದನ್ನೇ ನಾನು ಕ್ಷಮಿಸಲಿಲ್ಲವೋ ಏನೋ. ಅದನ್ನು ನೋಡಿ ಕ್ಲಬ್ಬಿನವರೆಲ್ಲ ನಕ್ಕರು, ಪ್ರೀತಿಯಿಂದಲೇ. ನಾನೂ ನಕ್ಕೆ.

ಹೊಟ್ಟೆಕಿಚ್ಚು ಒಂದೇ ಆಗಿದ್ದರೆ ಹೇಳುವುದು ಸುಲಭವಿತ್ತು. ಅವಳು ಹೋದ ಬೆಳಗುಗಳಲ್ಲಿ ಆ ಮನೆಯೊಳಗೆ ನಾನೊಬ್ಬನೇ. ಅಪ್ಪ ಮಗುವಿನ ಹಾಗೆ ಮಲಗಿರುತ್ತಿದ್ದರು, ಬಿಸಿಲು ಬರುವ ತನಕ ಮಗ್ಗುಲೂ ಬದಲಿಸುತ್ತಿರಲಿಲ್ಲ. ಅವರ ಉಸಿರು, ಫಿನಾಯಿಲ್ ವಾಸನೆ, ಮುಚ್ಚಿದ ಗೇಟು. ಗೋಡೆಗಳು ದಿನದಿನಕ್ಕೂ ಹತ್ತಿರ ಬರುತ್ತಿವೆ ಅನ್ನಿಸುತ್ತಿತ್ತು. ನನಗೆ ಎಲ್ಲ ಬೆಳಗುಗಳೂ ಬೇಕಾಗಿದ್ದವು — ನೀಲಿ, ಹಸಿರು, ಎಲ್ಲವೂ.

ಒಂದು ದಿನ ಅವಳು ಸವಾರಿ ಮುಗಿಸಿ, ಹೆಲ್ಮೆಟ್ ಕೈಯಲ್ಲಿ ಹಿಡಿದು ಒಳಗೆ ಬಂದಳು. ಮುಖ ಕೆಂಪಗೆ, ಸಂತೋಷವಾಗಿತ್ತು. ನಾನು ಹೇಳಿದೆ:

"ನೀನು ಹೋದ್ಮೇಲೆ ಅಪ್ಪ ಎದ್ದು ನಿನ್ನ ಹೆಸರು ಹಿಡಿದು ಕರೀತಾರೆ, ವಸು. ನೀನು ಕಾಣ್ಲಿಲ್ಲ ಅಂದ್ರೆ ಅಳ್ತಾರೆ."

ಅವಳು ಬಾಗಿಲಲ್ಲೇ ನಿಂತುಬಿಟ್ಟಳು. ದಿನಾ ಹೀಗೇನಾ ಎಂದು ಕೇಳಿದಳು. ನೀನು ಹೋದಾಗಲೆಲ್ಲ ಎಂದೆ.

ಹಸಿರು ದಿನಗಳನ್ನು ಅವಳೇ ಹೊಡೆದುಹಾಕಿದಳು. ಈ ವರ್ಷ ನೀವು ಮಾಡಿ, ಮುಂದೆ ನೋಡೋಣ ಎಂದಳು. ಬೇಡ ಎಂದು ಒಂದೆರಡು ಸಲ ಹೇಳಿದೆ — ಹೇಳಬೇಕಲ್ಲ ಎಂದು.

ಆಮೇಲೆ ನಡೆದದ್ದನ್ನು ನಾನು ಊಹಿಸಿರಲಿಲ್ಲ. ನಾನು ಸೈಕಲ್ ಹೊರಗೆ ತೆಗೆಯುವ ಹೊತ್ತಿಗೆ ಅವಳೂ ಎದ್ದು, ಅಪ್ಪನ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂರತೊಡಗಿದಳು. ಕಣ್ಣು ಬಿಟ್ಟ ತಕ್ಷಣ ಅವರಿಗೆ ತಾನು ಕಾಣಬೇಕೆಂದು. ಅಪ್ಪ ಎಂದಿನಂತೆ ಮಲಗಿರುತ್ತಿದ್ದರು. ತಾನು ಹತ್ತಿರ ಇರುವುದರಿಂದಲೇ ಈ ನೆಮ್ಮದಿ ಎಂದು ಅವಳು ತಿಳಿದಳು. ನನ್ನ ಸುಳ್ಳಿಗೆ ದಿನವೂ ಹೊಸ ಸಾಕ್ಷಿ ಸಿಗುತ್ತಾ ಹೋಯಿತು. ಒಮ್ಮೆ ಬೇಗ ವಾಪಸು ಬಂದವನು ಕಿಟಕಿಯಿಂದ ನೋಡಿದೆ — ಕುರ್ಚಿಯಲ್ಲೇ ತೂಕಡಿಸುತ್ತಾ, ಬೆಚ್ಚಿ ಎದ್ದು, ಅಪ್ಪನ ತುಟಿ ಅಲ್ಲಾಡಿತೇ ಎಂದು ಬಗ್ಗಿ ನೋಡುತ್ತಿದ್ದಳು. ಆಗಲೇ ಒಳಗೆ ಹೋಗಿ ಹೇಳಬಹುದಿತ್ತು. ಚೈನಿಗೆ ಎಣ್ಣೆ ಹಾಕುತ್ತಾ ಹೊರಗೇ ಕೂತೆ.

ಸ್ಪರ್ಧೆಯಲ್ಲಿ ನನಗೆ ಒಂದು ಪದಕ ಬಂತು. ಅದನ್ನು ಅವಳು ಅಪ್ಪನ ಕೊರಳಿಗೆ ಹಾಕಿ ಫೋಟೋ ತೆಗೆದಳು.

ಮರುವರ್ಷ ಅಪ್ಪ ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ, ಊಟದ ನಂತರ, ನೆಂಟರ ನಡುವೆ ಅವಳು ಹೇಳಿದ್ದು ನನಗೆ ಕೇಳಿಸಿತು.

"ಕೊನೆಕೊನೆಗೆ ಮಾವ ಮಗನ ಹೆಸರೂ ಮರ್ತಿದ್ರು. ನನ್ನೊಬ್ಳನ್ನೇ ಕರೀತಿದ್ದಿದ್ದು."

ಹೇಳುವಾಗ ಅವಳ ದನಿಯಲ್ಲಿ ಎಂಥ ಹೆಮ್ಮೆ — ಅಲ್ಲಿಗೆ ನಾನು ಸಿಕ್ಕಿಹಾಕಿಕೊಂಡೆ. ಹೇಳಿದರೆ ಅವಳ ಹತ್ತಿರ ಉಳಿದಿದ್ದ ಒಂದೇ ಸಮಾಧಾನವನ್ನೂ ಕಿತ್ತುಕೊಂಡ ಹಾಗೆ. ಹೇಳದಿದ್ದರೆ ದಿನವೂ ಅದೇ ಸುಳ್ಳನ್ನು ಹೊಸದಾಗಿ ಹೇಳಿದ ಹಾಗೆ. ಅಪ್ಪ ಹೋದ ಮೇಲೆ ಗೇಟಿನ ಬೀಗ ತೆಗೆದಾಗಿತ್ತು. ನಾನು ಮಾತ್ರ ಹೊರಗೆ ಬಂದಿರಲಿಲ್ಲ.

ಕಳೆದ ತಿಂಗಳು ಹೊಸ ಸೀಸನ್ನಿನ ಯೋಜನೆಗೆ ಕೂತಿದ್ದೆ. ನೀನೂ ಬಾ, ನಿಧಾನಕ್ಕೆ ಶುರು ಮಾಡೋಣ ಎಂದು ಕರೆದೆ. ಅವಳು ಹುರುಳಿಕಾಯಿ ನಾರು ತೆಗೆಯುತ್ತಾ, ತನ್ನ ಕಾಲ ಮುಗಿಯಿತು ಎಂದಳು. ಆಗ ಬಿಟ್ಟಿದ್ದಕ್ಕೆ ಬೇಜಾರಿಲ್ಲ, ಮಾವನಿಗೆ ತಾನು ಬೇಕಾಗಿದ್ದೆ, ಅಷ್ಟು ಸಾಕು ಎಂದಳು.

ಪೆನ್ನು ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಬೈಗುಳಕ್ಕೆ ತಯಾರಾಗಿದ್ದೆ. ಅವಳು ಕೈಯಲ್ಲಿದ್ದ ಹುರುಳಿಕಾಯಿಯನ್ನು ಪಕ್ಕಕ್ಕಿಟ್ಟಳು.

"ಅಂದ್ರೆ, ಮಾವ ನನ್ನ ಕರೀತಾನೇ ಇರ್ಲಿಲ್ವಾ?"

"ಇಲ್ಲ."

"ಒಂದ್ಸಲನೂ?"

"ಒಂದ್ಸಲನೂ ಇಲ್ಲ, ವಸು."

ಕಳೆದುಹೋದ ಬೆಳಗುಗಳ ಬಗ್ಗೆ, ಆ ಬೆಟ್ಟದ ಬಗ್ಗೆ ಅವಳು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಕ್ಷಮೆ ಬೇಡುವುದಕ್ಕೆ ಒಂದು ಜಾಗವಾದರೂ ಇರುತ್ತಿತ್ತು. ಈಗಲೂ ಒಮ್ಮೊಮ್ಮೆ, ಬಟ್ಟೆ ಮಡಿಸುವಾಗಲೋ ಹಾಲು ಕಾಯಿಸುವಾಗಲೋ, ಅದೇ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳುತ್ತಾಳೆ. ನಿಮಗೆ ಕೇಳಿಸದೆ ಇದ್ದಿರಬಹುದಲ್ಲವೇ ಎನ್ನುತ್ತಾಳೆ. ಹೌದು ಎಂಬ ಮಾತು ನಾಲಿಗೆಯ ತುದಿಯವರೆಗೂ ಬರುತ್ತದೆ. ಇಲ್ಲ ಎನ್ನುತ್ತೇನೆ.