ಅಪ್ಪ ಪಾಲಿಶ್ ಮಾಡಿದ ತಗಡು

ನಮ್ಮಪ್ಪ ಶಹಾಬಾದಿನ ಕಲ್ಲಿಗೆ ನಲವತ್ತು ವರ್ಷ ಪಾಲಿಶ್ ಹಿಡಿದವರು. ಮಾಸಿದ್ದು ಏನೇ ಕಂಡರೂ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಕಲ್ಲಿನ ಧೂಳು ಎದೆಯೊಳಗೆ ಕೂತು, ನಾಲ್ಕು ಹೆಜ್ಜೆಗೆ ಏದುಸಿರು ಬರುವ ಹೊತ್ತಿಗೂ ಅದೇ ಚಾಳಿ.

ನಾನಾಗ ನೀರನ್ನು ಕರೆಂಟಿನಿಂದ ಒಡೆದು ಹೈಡ್ರೋಜನ್ ತೆಗೆಯುವ ಸಂಶೋಧನೆಯಲ್ಲಿದ್ದೆ. ನೀರೇನು ಸುಮ್ಮನೆ ಒಡೆಯುತ್ತದೆಯೇ? ಕಡಿಮೆ ಕರೆಂಟಿನಲ್ಲಿ ಒಡೆಯಬೇಕೆಂದರೆ ವೇಗವರ್ಧಕ ಬೇಕು. ಎಂಟು ತಿಂಗಳು ಒದ್ದಾಡಿ, ನಿಕ್ಕಲ್ ತಗಡೊಂದರ ಮೇಲೆ ಅದರ ಕಪ್ಪು ಲೇಪ ಕೂರಿಸಿದ್ದೆ. ಸೇಡಂನ ಕಾಲೇಜೊಂದರಲ್ಲಿ ತೋರಿಸಬೇಕಿತ್ತು. ಹಿಂದಿನ ದಿನ ಮನೆಗೆ ತಂದು ಕಿಟಕಿಯಲ್ಲಿಟ್ಟೆ.

ಬೆಳಿಗ್ಗೆ ನೋಡಿದರೆ ತಗಡು ಥಳಥಳ! ಅಪ್ಪ ಅಂಗಳದಲ್ಲಿ ಕೂತು, ಉಸಿರು ಎಳೆಯುತ್ತಾ, ನುಣುಪು ಕಲ್ಲಿನಿಂದ ಇನ್ನೊಂದು ಮಗ್ಗುಲನ್ನೂ ಉಜ್ಜುತ್ತಿದ್ದರು.

“ಭಾಳ ಕಪ್ಪ ಹಿಡದಿತ್ತವ್ವಾ. ನಾಕ್ ಮಂದಿ ಮುಂದ ಇಡಾಕಿ, ಹೊಲಸ ಹೆಂಗ ಒಯ್ತಿ?”

“ಆ ಕಪ್ಪೇ ನನ್ನ ಕೆಲಸ! ಯಾರು ಮುಟ್ಟು ಅಂದಿದ್ರು ನಿನಗ? ನೀ ಮುಟ್ಟಿದ್ದೆಲ್ಲಾ ಕೆಡಸ್ತಿ!”

ನನ್ನ ಬಾಯಿ ಮೊದಲೇ ಕೆಟ್ಟದ್ದು. ಅಪ್ಪ ತಗಡನ್ನು ಧೋತರದ ಚುಂಗಿನಿಂದ ಒರೆಸಿ, ಮೆಲ್ಲಗೆ ನೆಲಕ್ಕಿಟ್ಟು ಒಳಗೆ ಹೋದರು. ಸೇಡಂನಲ್ಲಿ ಆ ತಗಡನ್ನೇ ನೀರಿಗಿಳಿಸಿ ಕರೆಂಟು ಕೊಟ್ಟರೆ ಅಲ್ಲೊಂದು ಇಲ್ಲೊಂದು ಗುಳ್ಳೆ ಎದ್ದವು, ಅಷ್ಟೇ.

ಲೇಪವನ್ನು ಮತ್ತೆ ಮಾಡಿದೆ. ಮೊದಲಿನದಕ್ಕಿಂತ ಚೆನ್ನಾಗಿಯೇ ಬಂತು. ‘ತಪ್ಪಾತು’ ಎನ್ನುವ ಒಂದು ಮಾತು ಮಾತ್ರ ಬಾಯಿಂದ ಹೊರಡಲಿಲ್ಲ. ಊರಿಗೆ ಬರುವಾಗೆಲ್ಲ ರೈಲಿನಲ್ಲಿ, ಇವತ್ತು ಹೇಳಿಯೇಬಿಡಬೇಕು ಅಂದುಕೊಳ್ಳುತ್ತಿದ್ದೆ. ಬಾಗಿಲಿಗೆ ಬಂದರೆ ಹಾಳು ಸೊಕ್ಕು ಅಡ್ಡ ನಿಲ್ಲುತ್ತಿತ್ತು. ಅಪ್ಪ ನನ್ನ ಚೀಲವನ್ನು ಕೂಡ ಮುಟ್ಟುತ್ತಿರಲಿಲ್ಲ.

ಆ ಚಳಿಗಾಲ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದೆವು. ಆಕ್ಸಿಜನ್ ಹಚ್ಚಿದರು. ನೀರು ಒಡೆದಾಗೆಲ್ಲ ನಾನು ಬೇಡವೆಂದು ಹೊರಗೆ ಬಿಡುತ್ತಿದ್ದ ಗಾಳಿ ಅದೇ. ಒಂದು ಮಧ್ಯಾಹ್ನ ಚಹಾ ತರಲು ಹೋಗಿ ಬರುವಷ್ಟರಲ್ಲಿ ಮಾಸ್ಕು ಗದ್ದಕ್ಕೆ ಜಾರಿತ್ತು. ತುಟಿ ನೀಲಿಗಟ್ಟಿದ್ದರೂ ಅಪ್ಪ ಎರಡೂ ಕೈ ಎದೆಯ ಮೇಲಿಟ್ಟುಕೊಂಡು ನನ್ನ ದಾರಿಯನ್ನೇ ಕಾಯುತ್ತಿದ್ದರು.

“ಯಪ್ಪಾ, ಏರಿಸ್ಕೊಬಾರದೇನ!” ಎಂದು ಚೀರಿದೆ.

“ಮಷೀನಿಂದು ಅದ… ನಾ ಮುಟ್ಟಿದ್ರ ಕೆಡ್ತದ ಅಂತ…”

ಮಾಸ್ಕು ಏರಿಸಿ, ಆ ಒರಟು ಕೈಗಳನ್ನು ಹಿಡಿದು, “ತಪ್ಪಾತು ಯಪ್ಪಾ, ತಪ್ಪಾತು” ಅಂದೆ. ಅಷ್ಟರಲ್ಲಿ ಅವರು ಕಣ್ಣು ಮುಚ್ಚಿದ್ದರು. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಸಂಜೆಯೊಳಗೆ ಅಪ್ಪ ಹೋಗಿಬಿಟ್ಟರು.