ಕರಡಿ ಮನೆಗೆ ಹೋಗಿ ಬಂದವನು
ದರೋಜಿ ಕರಡಿಧಾಮದ ವಾಚರ್ ಹೊನ್ನೂರಪ್ಪನಿಗೆ ಕರಡಿಗಳೆಂದರೆ ಊಟಕ್ಕೆ ಬರುವ ಬೀಗರು. ದಿನಾ ಮಧ್ಯಾಹ್ನ ಬಂಡೆಗಳಿಗೆ ಬೆಲ್ಲದ ಪಾಕ ಬಳಿಯುತ್ತ, "ಹೊಟ್ಟಿ ತುಂಬ ತಿನ್ರಿ, ಸಂಕೋಚ ಬ್ಯಾಡ" ಎಂದು ಖಾಲಿ ಗುಡ್ಡಕ್ಕೆ ಉಪಚಾರ ಹೇಳುತ್ತಾನೆ. ಬಿಸಿಲು ಏರಿದರೆ ಅವುಗಳ ಕಂಬಳಿಯಂಥ ಮೈ ನೆನೆದು ತಾನೇ ಬೆವರುತ್ತಾನೆ. ಕಬ್ಬಿಣದ ಅದಿರಿಗೆ ಚೀನಾದಲ್ಲಿ ಬೆಲೆ ಬಂದ ವರ್ಷ ಓರಗೆಯವರೆಲ್ಲ ಸಂಡೂರಿನ ಗಣಿಗಳಿಗೆ ಲಾರಿ ಓಡಿಸಲು ಹೋದರು. ಭಾವಮೈದುನ ಯಲ್ಲೇಶ್ ಇವನನ್ನೂ ಕರೆದಾಗ, "ಒಲ್ಲೆಪಾ, ಇಲ್ಲಿ ಮಂದಿ ಊಟಕ್ಕ ಕಾಯ್ತಾರ" ಎಂದುಬಿಟ್ಟ. ತನ್ನ ಎಡಗೆನ್ನೆಯ ಉದ್ದನೆಯ ಕಲೆಯ ಬಗ್ಗೆ ಪ್ರವಾಸಿಗರು ಕೇಳಿದರೆ ಮಾತ್ರ ನಿಧಾನವಾಗಿ ಹೇಳುತ್ತಾನೆ. ಹತ್ತೊಂಬತ್ತನೇ ವಯಸ್ಸಿನಲ್ಲಿ, ಸಿಡಿಲಿಗೆ ಹೆದರಿ ಗವಿಯೊಂದನ್ನು ಹೊಕ್ಕಿದ್ದ. ಒಳಗಿದ್ದ ಜೇನುಹುಟ್ಟು ತಿಂದು ಅಲ್ಲೇ ನಿದ್ದೆ ಹೋಗಿದ್ದ. ಎಚ್ಚರವಾದಾಗ ಬೆನ್ನ ಮೇಲೆ ಎರಡು ಮರಿ ಹೊತ್ತ ತಾಯಿ ಕರಡಿ ಎದುರಿಗೇ ನಿಂತಿತ್ತು. ಕೆನ್ನೆಗೆ ಒಂದೇ ಏಟು ಹೊಡೆದು, ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. "ಕರಡಿ ಮೇಲೆ ಸಿಟ್ಟು ಬರಲಿಲ್ಲೇನ್ರಿ?" ಎಂದು ಅವರು ಕೇಳಿದರೆ ಅವನಿಗೇ ಅಚ್ಚರಿ. "ಹೇಳದ ಕೇಳದ ಅವರ ಮನಿ ಹೊಕ್ಕಾವ ನಾನ್ರಿ. ಮರಿ ಹೊತ್ತಾಕಿ, ಆದ್ರೂ ನನ್ನ ಜೀವಂತ ಕಳಿಸಿಕೊಟ್ಲು. ನನ್ನ ಮದುವಿ, ನನ್ನ ಮೂರು ಮಕ್ಕಳು, ಎಲ್ಲಾ ಆಮ್ಯಾಲಿಂದರಿ."